ನಾರಾಯಣಸ್ವಾಮಿಯವರ ಚಳಿದುಡ್ಡು

ಓಲ್ಡ್‌ಬರಿಯ ನಾರಾಯಣಸ್ವಾಮಿಯವರಿಗೆ ಶತ್ರುಗಳೆಂದು ಯಾರೂ ಇರಲಿಲ್ಲ. ಒಬ್ಬ ಗೆಳೆಯನಿದ್ದ, ಅಷ್ಟೇ ಸಾಕಾಗಿತ್ತು.

ಗೆಳೆಯನ ಹೆಸರು ಇಂದುಶೇಖರ. ಇಬ್ಬರೂ ಮೈಸೂರಿನವರು, ಒಂದೇ ಪಾಲಿಟೆಕ್ನಿಕ್‌ನಲ್ಲಿ ಓದಿದವರು, ಒಬ್ಬರ ಹಿಂದೆ ಒಬ್ಬರು ಇಂಗ್ಲೆಂಡಿಗೆ ಬಂದು ಸ್ಮೆದಿಕ್‌ನ ಒಂದು ಪಂಪ್ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಅಕ್ಕಪಕ್ಕದ ಮೇಜಿನಲ್ಲಿ ಕೂತವರು. ಕಾರ್ಖಾನೆ ಮುಚ್ಚಿದಾಗ ಇಬ್ಬರಿಗೂ ಒಂದೇ ಅಳತೆಯ ಪರಿಹಾರ ಸಿಕ್ಕಿತು. ಇಂದುಶೇಖರ ಅದನ್ನು ಮುಂಗಡ ಕಟ್ಟಿ ಯೂನಿವರ್ಸಿಟಿ ಹತ್ತಿರ ಒಂದು ಹಳೆಯ ಮನೆ ಕೊಂಡ. “ಅರ್ಧ ಪಾಲು ನೀನು ಹಾಕು ನಾಣಿ, ಹುಡುಗರಿಗೆ ಬಾಡಿಗೆಗೆ ಕೊಡೋಣ” ಎಂದು ಕರೆದ. ಸಾಲ ಮಾಡಿ ಮನೆ ಕೊಂಡು ಕಂಡವರ ಮಕ್ಕಳ ಹತ್ತಿರ ಬಾಡಿಗೆ ವಸೂಲಿ ಮಾಡುವುದು ಮರ್ಯಾದಸ್ಥರ ಕೆಲಸವಲ್ಲ ಎಂದು ನಾರಾಯಣಸ್ವಾಮಿಯವರು ಮೂಗು ಮುರಿದರು. ಆ ಮನೆ ಇನ್ನೊಂದು ಮನೆಯಾಯಿತು, ಅದು ಮತ್ತೊಂದಾಯಿತು. ಇಂದುಶೇಖರ ಈಗ ಶ್ರೀಮಂತರಿರುವ ಎಜ್‌ಬಾಸ್ಟನ್‌ನಲ್ಲಿ, ಎದುರಿಗೆ ದೊಡ್ಡ ಮರಗಳಿರುವ ಮನೆಯಲ್ಲಿದ್ದಾನೆ. ನಾರಾಯಣಸ್ವಾಮಿಯವರು ಊರಿನ ಬಸ್ಸು ಓಡಿಸಿ ನಿವೃತ್ತರಾದರು. ಎಜ್‌ಬಾಸ್ಟನ್ ರೂಟಿನಲ್ಲಿ ಹೋಗುವಾಗ ಆ ಬೀದಿಯ ತಿರುವು ಬಂದರೆ ಅವರ ಕತ್ತು ತಾನಾಗಿ ಇನ್ನೊಂದು ಕಡೆಗೆ ತಿರುಗುತ್ತಿತ್ತು. ಬಸ್ಸು ಓಡಿಸುವವರಿಗೆ ಅದು ಒಳ್ಳೆಯ ಅಭ್ಯಾಸವಲ್ಲ.

ಹಾಗೆಂದು ಅವರು ಕೆಟ್ಟವರೆಂದುಕೊಳ್ಳಬೇಡಿ. ಅವರ ಬಸ್ಸು ಹತ್ತಿದ ಮುದುಕಿಯರು ಸೀಟಿನಲ್ಲಿ ಸರಿಯಾಗಿ ಕೂರುವವರೆಗೆ ಬ್ರೇಕು ಬಿಟ್ಟವರಲ್ಲ. ಪಕ್ಕದ ಮನೆಯ ವಿಧವೆಯ ಕಸದ ಡಬ್ಬವನ್ನು ಇಂದಿಗೂ ಬೀದಿಗೆ ತಂದಿಡುತ್ತಾರೆ. ಒಬ್ಬನೇ ಒಬ್ಬನ ವಿಷಯದಲ್ಲಿ ಮಾತ್ರ ಅವರಿಗೆ ಹೊಟ್ಟೆಕಿಚ್ಚು. ಅದನ್ನು ಅವರು ದಿನಾ ಒಂದಿಷ್ಟು ಸೌದೆ ಹಾಕಿ ಕಾಪಾಡಿಕೊಂಡು ಬಂದಿದ್ದರು. ಇಂದುಶೇಖರ ಕಾರು ಬದಲಿಸಿದರೆ ಇವರಿಗೆ ಊಟ ಸೇರುತ್ತಿರಲಿಲ್ಲ. ಅವನ ಮಂಡಿ ಆಪರೇಷನ್ ಚೆನ್ನಾಗಿ ಆಯಿತಂತೆ ಎಂದು ಕೇಳಿದ ದಿನ ಇವರ ಮಂಡಿ ನೋಯಲು ಶುರುವಾಯಿತು.

ಆ ಕಿಚ್ಚಿನ ಹಬ್ಬ ಬರುತ್ತಿದ್ದದ್ದು ಜನವರಿಯಲ್ಲಿ.

ಓಲ್ಡ್‌ಬರಿಯ ಆಸುಪಾಸಿನ ಕನ್ನಡದವರೆಲ್ಲ ಸೇರಿ ಒಂದು ಭಜನಾ ಮಂಡಳಿ ಮಾಡಿಕೊಂಡಿದ್ದಾರೆ. ತಿಂಗಳಿಗೊಂದು ಶನಿವಾರ ಪ್ರೈಮರಿ ಸ್ಕೂಲಿನ ಹಾಲ್ ಬಾಡಿಗೆಗೆ ಹಿಡಿದು ಪೂಜೆ, ಭಜನೆ, ಊಟ. ಜನವರಿಯದು ದೊಡ್ಡ ಪೂಜೆ. ಅದರ ಊಟದ ಖರ್ಚನ್ನು ಒಬ್ಬರು ವಹಿಸಿಕೊಳ್ಳಬೇಕು. ವಹಿಸಿಕೊಂಡವರು ಹೆಂಡತಿಯ ಸಮೇತ ದೇವರ ಮುಂದೆ ಕೂತು ಸಂಕಲ್ಪ ಮಾಡಬೇಕು. ಗೋತ್ರ, ನಕ್ಷತ್ರ, ಗಂಡನ ಹೆಸರು, ಹೆಂಡತಿಯ ಹೆಸರು ಎಲ್ಲವೂ ಮೈಕಿನಲ್ಲಿ ಹಾಲ್ ತುಂಬ ಕೇಳಿಸುತ್ತವೆ. ಗಂಡ ದಾನದ ನೀರು ಬಿಡುವಾಗ ಹೆಂಡತಿ ಅವನ ಬಲಗೈ ಮುಟ್ಟಿಕೊಂಡಿರಬೇಕು. ಅವಳ ಕೈ ಇಲ್ಲದೆ ಕೊಟ್ಟದ್ದು ಕೊಟ್ಟಂತಲ್ಲ.

ವರ್ಷವರ್ಷವೂ ಆ ಜಾಗದಲ್ಲಿ ಕೂರುತ್ತಿದ್ದವರು ಇಂದುಶೇಖರ ಮತ್ತು ಅವನ ಹೆಂಡತಿ ವಿಜಯಾ. ಅದೂ ಯಾವ ದುಡ್ಡಿನಲ್ಲಿ? ಚಳಿಗಾಲದಲ್ಲಿ ಮನೆ ಕಾಯಿಸಿಕೊಳ್ಳಲಿ ಎಂದು ಇಲ್ಲಿನ ಸರ್ಕಾರ ವಯಸ್ಸಾದವರಿಗೆ ಕೊಡುವ ವಿಂಟರ್ ಫ್ಯುಯೆಲ್ ದುಡ್ಡಿನಲ್ಲಿ. ನಾರಾಯಣಸ್ವಾಮಿಯವರ ಹೆಂಡತಿ ಲೀಲಾವತಮ್ಮ ಅದನ್ನು ಚಳಿದುಡ್ಡು ಎನ್ನುತ್ತಿದ್ದರು. “ನಮಗ್ಯಾಕ್ರೀ ಇದು, ದೇವರು ಬೇಕಾದಷ್ಟು ಕೊಟ್ಟಿದ್ದಾನೆ” ಎಂದು ಇಂದುಶೇಖರ ಅದನ್ನು ಹಾಗೆಯೇ ಮಂಡಳಿಗೆ ದಾಟಿಸುತ್ತಿದ್ದ. ಮೈಕಿನಲ್ಲಿ ಅದನ್ನೂ ಹೇಳುತ್ತಿದ್ದರು. ಜನ ಚಪ್ಪಾಳೆ ತಟ್ಟುತ್ತಿದ್ದರು. ನಾರಾಯಣಸ್ವಾಮಿಯವರು ಕೊನೆಯ ಸಾಲಿನಲ್ಲಿ, ಸ್ಕೂಲು ಮಕ್ಕಳ ಗಿಡ್ಡ ಕುರ್ಚಿಯ ಮೇಲೆ ಕೂತು ಹಲ್ಲು ಕಚ್ಚುತ್ತಿದ್ದರು. ಅದೇ ದುಡ್ಡು ಅವರಿಗೂ ಬರುತ್ತಿತ್ತು. ಬಂದದ್ದು ಬಂದ ಹಾಗೆ ಗ್ಯಾಸ್ ಬಿಲ್ಲಿಗೆ ಹೋಗುತ್ತಿತ್ತು. ಬೆಚ್ಚಗಿರುವುದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಆಮೇಲೆ ಹೊಸ ಸರ್ಕಾರ ಬಂತು. ತೀರಾ ಕಡಿಮೆ ಆದಾಯದ ವೃದ್ಧರಿಗೆ ಬಿಟ್ಟು ಉಳಿದವರಿಗೆಲ್ಲ ಚಳಿದುಡ್ಡು ನಿಲ್ಲಿಸಿತು. ಬಸ್ಸಿನ ಕಂಪನಿಯ ಸಣ್ಣ ಪಿಂಚಣಿಯಿಂದಾಗಿ ನಾರಾಯಣಸ್ವಾಮಿಯವರು ಕೂದಲೆಳೆಯಷ್ಟರಲ್ಲಿ ಆ ಗೆರೆಯ ಆಚೆ ಬಿದ್ದರು. ಸುದ್ದಿ ಕೇಳಿ ಲೀಲಾವತಮ್ಮನ ಮುಖ ಸಪ್ಪಗಾಯಿತು. ನಾರಾಯಣಸ್ವಾಮಿಯವರ ಮುಖ ಮಾತ್ರ ಅರಳಿತು.

“ಇಂದೂಗೂ ಇಲ್ಲ ಲೀಲಾ, ಅವನಿಗೂ ಕಟ್.”

“ಅದರಿಂದ ನಮ್ಮನೆ ಬೆಚ್ಚಗಾಗುತ್ತೇನ್ರೀ?” ಎಂದರು ಲೀಲಾವತಮ್ಮ.

ಆಗಲಿಲ್ಲ ನಿಜ. ಆದರೂ ಆ ಚಳಿಗಾಲವನ್ನು ನಾರಾಯಣಸ್ವಾಮಿಯವರು ಎರಡು ಸ್ವೆಟರ್ ಹಾಕಿಕೊಂಡು ಸಂತೋಷವಾಗಿಯೇ ಕಳೆಯುತ್ತಿದ್ದರು. ಜನವರಿಯ ಪೂಜೆಯಲ್ಲಿ ಆ ಸಂತೋಷವೂ ಹಾಳಾಯಿತು. ಇಂದುಶೇಖರ ಸ್ವಂತ ಜೇಬಿನಿಂದ ಊಟ ಹಾಕಿಸಿದ. ಈ ಸಲದ ಚಪ್ಪಾಳೆ ಇನ್ನೂ ಜೋರಾಗಿತ್ತು.

ಊಟಕ್ಕೆ ಕೂತಾಗ ಅದೇ ವಿಷಯ ಎದ್ದಿತು. ಮಂಡಳಿಯ ಕಾರ್ಯದರ್ಶಿಯೂ ಪುರೋಹಿತನೂ ಒಬ್ಬನೇ, ಅಭಯ್ ಎಂಬ ಬೆಂಗಳೂರಿನ ಹುಡುಗ. ವಾರಪೂರ್ತಿ ಲ್ಯಾಪ್‌ಟಾಪ್, ತಿಂಗಳಿಗೊಂದು ಶನಿವಾರ ಮಡಿಪಂಚೆ. ಹುಳಿ ಬಡಿಸುತ್ತಲೇ ಅವನು, “ತಪ್ಪು ತಿಳ್ಕೋಬೇಡಿ ಅಂಕಲ್, ನನ್ನ ಕೇಳಿದ್ರೆ ಸರ್ಕಾರ ಮಾಡಿದ್ದು ಸರಿ” ಎಂದ. “ನಾನು ಟ್ಯಾಕ್ಸ್ ಕಟ್ತೀನಿ, ಮಾರ್ಟ್‌ಗೇಜ್ ಕಟ್ತೀನಿ, ಮಗಳ ನರ್ಸರಿ ಫೀಸು ಮಾರ್ಟ್‌ಗೇಜ್‌ಗಿಂತ ಜಾಸ್ತಿ. ನಮ್ಮನೇಲೂ ಚಳಿ ಇದೆ. ನಮಗ್ಯಾರು ಕೊಡ್ತಾರೆ?”

“ನಲವತ್ತು ವರ್ಷ ನಾವೂ ಕಟ್ಟಿದ್ದೀವಪ್ಪ” ಎಂದರು ನಾರಾಯಣಸ್ವಾಮಿಯವರು.

“ಸರಿ, ನಿಮಗೆ ಕೊಡ್ಲಿ. ಇಂದುಶೇಖರ್ ಅಂಕಲ್‌ಗೆ ಯಾಕೆ ಅಂಕಲ್?”

“ಅವನಿಗೆ ಯಾಕೆ? ನಾನೂ ಅದನ್ನೇ ಕೇಳ್ತಿರೋದು.”

ಪಿಂಚಣಿದಾರರಿಗೆ ಸರ್ಕಾರ ನೆರವು ಕೊಡಬೇಕೋ ಬೇಡವೋ ಎಂಬುದರಲ್ಲಿ ನಾರಾಯಣಸ್ವಾಮಿಯವರ ರಾಜಕೀಯ ಸಿದ್ಧಾಂತ ಪೂರ್ತಿ ಇಷ್ಟೇ. ಅವನಿಗೆ ಕೊಡಬಾರದು.

ದೇವರು ಆ ಮಾತನ್ನು ಕೇಳಿಸಿಕೊಂಡನೇನೋ. ದೇಶವೆಲ್ಲ ಗಲಾಟೆಯಾಗಿ ಮರುವರ್ಷ ಸರ್ಕಾರ ಹಿಂದೆ ಸರಿಯಿತು. ಚಳಿದುಡ್ಡು ಮತ್ತೆ ಎಲ್ಲರಿಗೂ ಬರುತ್ತದೆ, ದೊಡ್ಡ ಆದಾಯದವರಿಗೆ ಕೊಟ್ಟರೂ ತೆರಿಗೆಯಲ್ಲಿ ವಾಪಸ್ ಎಳೆದುಕೊಳ್ಳುತ್ತಾರೆ ಎಂದಾಯಿತು. ಅಂದರೆ ನಾರಾಯಣಸ್ವಾಮಿಯವರಿಗೆ ಉಂಟು, ಇಂದುಶೇಖರನಿಗೆ ಇಲ್ಲ. ನಲವತ್ತು ವರ್ಷದಲ್ಲಿ ಅವನಿಗಿಲ್ಲದ್ದೊಂದು ತಮ್ಮ ಕೈಗೆ ಬಂದದ್ದು ಇದೇ ಮೊದಲು. ಅದನ್ನು ಗ್ಯಾಸ್ ಕಂಪನಿಗೆ ಕೊಡುವುದೇ?

ಡಿಸೆಂಬರಿನಲ್ಲಿ ದುಡ್ಡು ಬಂತು. ಗಂಡಹೆಂಡಿರಿಗೆ ಅರ್ಧರ್ಧ, ಇಬ್ಬರ ಹೆಸರಿನಲ್ಲಿ ಬೇರೆ ಬೇರೆಯಾಗಿ, ಆದರೆ ಒಂದೇ ಜಂಟಿ ಖಾತೆಗೆ. ಬ್ಯಾಂಕಿನ ವ್ಯವಹಾರವೆಲ್ಲ ನಾರಾಯಣಸ್ವಾಮಿಯವರದು. ಅವತ್ತೇ ಅವರು ಅಭಯ್‌ಗೆ ಫೋನ್ ಮಾಡಿ, ಬೇರೆ ಯಾರೂ ಕೇಳುವ ಮುಂಚೆ ಜನವರಿಯ ಊಟ ತಮ್ಮದೆಂದು ಬರೆಸಿದರು. ತಮ್ಮ ಅರ್ಧ ಸಾಲದು ಎಂದು ಹೆಂಡತಿಯ ಅರ್ಧವನ್ನೂ ಸೇರಿಸಿ ಕಳಿಸಿದರು. “ಮೈಕಲ್ಲಿ ಹೇಳೋದು ಮರೀಬೇಡ. ವಿಂಟರ್ ಫ್ಯುಯೆಲ್ ದುಡ್ಡು ಅಂತಾನೇ ಹೇಳು” ಎಂದರು.

ಲೀಲಾವತಮ್ಮನಿಗೆ ಎದೆಯ ತೊಂದರೆ. ಎರಡು ಚಳಿಗಾಲದಿಂದ ಮಾತಿನ ನಡುವೆ ಉಸಿರು ಸಿಗದೆ ನಿಲ್ಲುತ್ತಿದ್ದರು, ಹಾಡುವುದನ್ನಂತೂ ಬಿಟ್ಟೇಬಿಟ್ಟಿದ್ದರು. ಮನೆ ತಣ್ಣಗೆ ಬಿಡಬೇಡಿ, ಈ ಎದೆಗೆ ಔಷಧಿಗಿಂತ ಅದು ಮುಖ್ಯ ಎಂದು ಡಾಕ್ಟರು ಹೇಳಿದ್ದರು. ನಾಟಿಂಗ್‌ಹ್ಯಾಮ್‌ನಲ್ಲಿರುವ ಮಗಳು ನಿಹಾರಿಕಾ ಭಾನುವಾರದ ಫೋನಿನಲ್ಲಿ, “ಡ್ಯಾಡ್, ಪ್ಲೀಸ್, ಜಸ್ಟ್ ಪುಟ್ ದ ಹೀಟಿಂಗ್ ಆನ್” ಎನ್ನುತ್ತಿದ್ದಳು. “ಹಾಕಿದ್ದೀನಮ್ಮ” ಎಂದು ನಾರಾಯಣಸ್ವಾಮಿಯವರು ಬಾಯಿಂದ ಹೊಗೆಯಂತೆ ಆವಿ ಬಿಡುತ್ತಾ ಹೇಳುತ್ತಿದ್ದರು. ಬಿಲ್ಲು ತಾನು ಕಟ್ಟುತ್ತೇನೆಂದು ಅವಳೆಂದರೂ, ಮಗಳ ಕೈಯಿಂದ ಕಾಸು ತೆಗೆದುಕೊಳ್ಳುವ ಜಾತಿಯವರಲ್ಲ ಅವರು.

“ಚಳಿದುಡ್ಡು ಬಂತೇನ್ರೀ?” ಎಂದು ಲೀಲಾವತಮ್ಮ ಕೇಳಿದರು. ಮನೆಯೊಳಗೇ ಕೋಟು ಹಾಕಿಕೊಂಡು, ಬಿಸಿನೀರಿನ ಚೀಲವನ್ನು ಎದೆಗೆ ಒತ್ತಿಕೊಂಡು ಕೂತಿದ್ದರು.

“ಇನ್ನೂ ಇಲ್ಲ. ಈ ಸಲ ನಿಯಮ ಬದಲಾಗಿದೆಯಲ್ಲ, ತಡ ಆಗುತ್ತಂತೆ.”

“ಬಂದ ಮೇಲೆ ಸಾಯಂಕಾಲ ಹೊತ್ತಾದರೂ ಹೀಟಿಂಗ್ ಹಾಕೋಣ” ಎಂದರು ಅವರು. ಗಂಡ ಹೇಳಿದ್ದನ್ನು ಅನುಮಾನಿಸುವ ಅಭ್ಯಾಸ ಅವರಿಗಿರಲಿಲ್ಲ. ನಾರಾಯಣಸ್ವಾಮಿಯವರಿಗೆ ಮನಸ್ಸು ಚುರುಕ್ ಎನ್ನಲಿಲ್ಲವೆಂದಲ್ಲ. ಎಂದಿತು. ಪೂಜೆಯ ದಿನ ಇಂದುಶೇಖರನ ಮುಖ ಹೇಗಿರುತ್ತದೆ ಎಂದು ನೆನೆಸಿಕೊಂಡ ಕೂಡಲೇ ಸರಿಹೋಯಿತು.

ಪೂಜೆಯ ಶನಿವಾರ ಬಂತು. ಇವತ್ತು ಸಂಕಲ್ಪಕ್ಕೆ ನಾವೇ ಕೂರಬೇಕು, ಅಭಯ್ ಕೇಳಿಕೊಂಡ ಎಂದಷ್ಟೇ ಹೆಂಡತಿಗೆ ಹೇಳಿದ್ದರು. ಲೀಲಾವತಮ್ಮ ರೇಷ್ಮೆ ಸೀರೆಯ ಮೇಲೆ ಶಾಲು ಹೊದ್ದು ಪಕ್ಕದಲ್ಲಿ ಕೂತರು. ನಾರಾಯಣಸ್ವಾಮಿಯವರು ಒಮ್ಮೆ ಹಿಂದಕ್ಕೆ ತಿರುಗಿ ನೋಡಿದರು. ಮೂರನೆಯ ಸಾಲಿನಲ್ಲಿ ಇಂದುಶೇಖರ ಕೂತಿದ್ದ. ಗಿಡ್ಡ ಕುರ್ಚಿಯಲ್ಲಿ ಅವನ ಮಂಡಿ ಎದೆಗೆ ತಾಗುತ್ತಿತ್ತು. ಆಹಾ, ಎಂಥ ದೃಶ್ಯ ಎನಿಸಿತು.

ಅಭಯ್ ಮೈಕ್ ಹಿಡಿದ. “ಈ ಸಲದ ಅನ್ನದಾನ ನಾರಾಯಣಸ್ವಾಮಿ ಅಂಕಲ್ ಮತ್ತು ಲೀಲಾವತಿ ಆಂಟಿ ಅವರದು. ತಮಗೆ ಬಂದ ವಿಂಟರ್ ಫ್ಯುಯೆಲ್ ದುಡ್ಡನ್ನ, ಇಬ್ಬರದನ್ನೂ, ಪೂರ್ತಿ ದೇವರಿಗೆ ಕೊಟ್ಟಿದ್ದಾರೆ.”

ಚಪ್ಪಾಳೆ ಬಿತ್ತು. ಬಹಳ ಜೋರಾಗಿಯೇ ಬಿತ್ತು. ನಾರಾಯಣಸ್ವಾಮಿಯವರು ಅದನ್ನು ತಲೆಬಾಗಿ ಸ್ವೀಕರಿಸಿದರು. ಅಭಯ್ ಗೋತ್ರ, ನಕ್ಷತ್ರ ಹೇಳಿ ಹೆಸರುಗಳನ್ನು ಕೂಗಿ, “ಆಂಟಿ, ಅಂಕಲ್ ಕೈ ಮುಟ್ಟಿ” ಎಂದ.

ಲೀಲಾವತಮ್ಮನ ಕೈ ಬರಲಿಲ್ಲ.

ಅವರು ಗಂಡನ ಮುಖವನ್ನೇ ನೋಡುತ್ತಿದ್ದರು. ಉದ್ಧರಣೆಯ ನೀರು ಹಿಡಿದು ನಾರಾಯಣಸ್ವಾಮಿಯವರ ಬಲಗೈ ಗಾಳಿಯಲ್ಲಿ ನಿಂತಿತ್ತು. ಆಂಟಿಗೆ ಕೇಳಿಸಲಿಲ್ಲವೇನೋ ಎಂದು ಅಭಯ್ ಇನ್ನೊಮ್ಮೆ ಹೇಳಿದ. ಆಗ ಅವರು ನಿಧಾನವಾಗಿ ಕೈ ಚಾಚಿ, ಬೆರಳ ತುದಿಯನ್ನು ಗಂಡನ ತೋಳಿಗೆ ತಾಗಿಸಿದರು. ನೀರು ತಟ್ಟೆಗೆ ಬಿತ್ತು. ಹಾಲ್‌ನಲ್ಲಿದ್ದ ಯಾರಿಗೂ ಏನೂ ತಿಳಿಯಲಿಲ್ಲ.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ, ಲೀಲಾವತಮ್ಮ ಕೋಟು ತೆಗೆಯದೆ, “ನಿಮ್ಮದನ್ನ ಕೊಟ್ಟಿದ್ದರೆ ನಾನು ಏನೂ ಅನ್ನುತ್ತಿರಲಿಲ್ಲ. ಅರ್ಧ ನನ್ನದಾಗಿತ್ತು” ಎಂದರು.

“ದೇವರಿಗೆ ತಾನೇ ಕೊಟ್ಟಿದ್ದು ಲೀಲಾ.”

“ದೇವರಿಗಲ್ಲ. ಯಾರಿಗೆ ತೋರಿಸೋಕೆ ಕೊಟ್ಟಿರಿ ಅಂತ ನನಗೆ ಗೊತ್ತಿಲ್ಲವಾ?”

ಅಲ್ಲಿಗೆ ಮಾತು ಮುಗಿಯಿತು. ಜಗಳವಾಡಿದ್ದರೆ ನಾರಾಯಣಸ್ವಾಮಿಯವರು ಗೆಲ್ಲುತ್ತಿದ್ದರು, ಅದರಲ್ಲಿ ಅವರು ಗಟ್ಟಿಗರು. ಲೀಲಾವತಮ್ಮ ಜಗಳವಾಡಲಿಲ್ಲ. ಸೋಮವಾರ ತಿಂಡಿ ಮುಗಿಸಿ, ಬಸ್ ಪಾಸು ಚೀಲಕ್ಕೆ ಹಾಕಿಕೊಂಡು ಹೊರಟರು.

“ಎಲ್ಲಿಗೆ?”

“ವಿಜಯಾ ಮನೆಗೆ. ಯಾವಾಗಲಾದರೂ ಬಾ ಬಾ ಅಂತ ಕರೀತಾನೇ ಇರ್ತಾಳೆ.”

“ಏನು ವಿಶೇಷ?”

“ಅಲ್ಲಿ ಬೆಚ್ಚಗಿರುತ್ತೆ.”

ನಾರಾಯಣಸ್ವಾಮಿಯವರ ಹೊಟ್ಟೆಯೊಳಕ್ಕೆ ಯಾರೋ ಕೆಂಡ ಸುರಿದಂತಾಯಿತು. ಲೀಲಾವತಮ್ಮ ಸಾಯಂಕಾಲ ಬಂದು ಅಡಿಗೆ ಮಾಡಿದರು. ಮಂಗಳವಾರ ಮತ್ತೆ ಹೋದರು. ಬುಧವಾರವೂ ಹೋದರು. ಮನೆಯಲ್ಲಿ ಒಬ್ಬರೇ ಕೂತ ನಾರಾಯಣಸ್ವಾಮಿಯವರಿಗೆ ಬೇರೆ ಕೆಲಸವೇ ಇಲ್ಲದಂತಾಯಿತು. ಈಗ ಅವಳು ಅವನ ಸೋಫಾದ ಮೇಲೆ ಕೂತಿರುತ್ತಾಳೆ. ಈಗ ಅವನ ಮನೆಯ ಕಾಫಿ ಕುಡಿಯುತ್ತಿರುತ್ತಾಳೆ. ನಮ್ಮ ಮನೆ ಹೇಗಿದೆ ಎಂದು ಅವನು ಕೇಳಿರುತ್ತಾನೆ, ಇವಳು ಹೇಳಿರುತ್ತಾಳೆ. ಕಾರು, ಮರ, ಬಾಡಿಗೆಯ ಮನೆಗಳು, ಎಲ್ಲವನ್ನೂ ಅವನಿಗೆ ಬಿಟ್ಟುಕೊಟ್ಟಾಗಿತ್ತು. ಹೆಂಡತಿಯೊಬ್ಬಳು ತಮ್ಮ ಕಡೆಗಿದ್ದಳು. ಅವಳಿಗೂ ಈಗ ಅವನ ಮನೆಯೇ ಹಿತವಾಯಿತೇ?

ಗುರುವಾರ ತಡೆಯಲಾಗಲಿಲ್ಲ. ಅವಳು ಹೋದ ಮೇಲೆ ತಾವೂ ಬಸ್ಸು ಹತ್ತಿದರು. ಬೇರ್‌ವುಡ್‌ನಲ್ಲಿ ಬಸ್ಸು ಬದಲಿಸಿ, ಅಷ್ಟು ವರ್ಷ ಕತ್ತು ತಿರುಗಿಸಿಕೊಂಡು ದಾಟಿದ ಬೀದಿಯೊಳಕ್ಕೆ ನಡೆದು ಹೋಗಿ ಬೆಲ್ ಒತ್ತಿದರು. ಏನು ಹೇಳಬೇಕೆಂದು ಬಸ್ಸಿನಲ್ಲಿಯೇ ಜೋಡಿಸಿಟ್ಟುಕೊಂಡಿದ್ದರು. ಎಲ್ಲವೂ ಬಿರುಸಾದ ಮಾತುಗಳೇ.

ಬಾಗಿಲು ತೆಗೆದ ಇಂದುಶೇಖರ ಅರ್ಧ ತೋಳಿನ ಅಂಗಿಯಲ್ಲಿದ್ದ. ಹೊರಗೆ ಕಾರುಗಳ ಮೇಲೆ ಮಂಜು ಗಟ್ಟಿಯಾಗಿತ್ತು. “ಬಾರೋ ನಾಣಿ” ಎಂದ. ಒಳಗಿನ ಬಿಸಿ ನಾರಾಯಣಸ್ವಾಮಿಯವರ ಮುಖಕ್ಕೆ ಬಡಿಯಿತು, ಕನ್ನಡಕ ಮಸುಕಾಯಿತು. ಅದನ್ನು ಒರೆಸಿಕೊಳ್ಳುತ್ತ ಹಜಾರದಲ್ಲಿ ನಿಂತಿದ್ದಾಗ ಒಳಕೋಣೆಯಿಂದ ಹಾಡು ಕೇಳಿಸಿತು.

ಲೀಲಾವತಮ್ಮ ಹಾಡುತ್ತಿದ್ದರು. ಕೆಮ್ಮಿಲ್ಲ, ಉಸಿರಿಗೆ ನಿಲ್ಲುವುದಿಲ್ಲ. ಸಾಲು ಎಳೆದು, ತಿರುಗಿಸಿ, ಮತ್ತೆ ಪಲ್ಲವಿಗೆ ಬಂದು ಕೂರುತ್ತಿದ್ದರು. ಬಾಗಿಲ ಸಂದಿಯಲ್ಲಿ ನೋಡಿದರೆ, ಕಾಲುಚೀಲವಿಲ್ಲದ ಪಾದಗಳನ್ನು ಮುಂದಕ್ಕೆ ಚಾಚಿಕೊಂಡು ಕೂತಿದ್ದಾರೆ, ಪಕ್ಕದಲ್ಲಿ ವಿಜಯಾ ತಾಳ ಹಾಕುತ್ತಿದ್ದಾಳೆ. ಹೆಂಡತಿಯ ಬರಿಗಾಲನ್ನು ನಾರಾಯಣಸ್ವಾಮಿಯವರು ಅಕ್ಟೋಬರ್‌ನಿಂದ ಈಚೆಗೆ ನೋಡಿರಲಿಲ್ಲ.

“ದಿನಾ ಹಾಡ್ತಾರೆ ಕಣೋ” ಎಂದ ಇಂದುಶೇಖರ ಮೆಲ್ಲಗೆ. “ಕೂತು ಕೇಳ್ತಿರ್ತೀನಿ. ಯಾರ ಮನೇಲಿದೆ ಇಂಥ ಸಂಗೀತ? ನಿನ್ನ ಅದೃಷ್ಟ ನನಗಿಲ್ಲ. ನಮ್ಮವಳಿಗೆ ತಾಳ ಒಂದು ಬರುತ್ತೆ, ಅದೂ ಅರ್ಧ.” ಮತ್ತೆ, “ಒಂದು ಮಾತು ಹೇಳ್ತೀನಿ, ನಗಬೇಡ. ಮೊನ್ನೆ ನಿನ್ನ ಹೆಸರು ಓದಿದಾಗ ನನಗೆ ತುಂಬಾ ಹೊಟ್ಟೆ ಉರೀತು. ಎರಡು ದಿನ ಊಟ ಸೇರಲಿಲ್ಲ” ಎಂದ.

ಈ ಮಾತಿಗಾಗಿ ನಾರಾಯಣಸ್ವಾಮಿಯವರು ಅರ್ಧ ಆಯಸ್ಸು ಕಾದಿದ್ದರು. ಈಗ ಅದು ಉಪ್ಪಿಲ್ಲದ ಅನ್ನದಂತೆ ಸಪ್ಪೆಯಾಗಿತ್ತು. ಆ ದುಡ್ಡಿನಲ್ಲಿ ಏನಾಗಬೇಕಿತ್ತೋ ಅದು ಇನ್ನೊಬ್ಬನ ಮನೆಯಲ್ಲಿ ಆಗುತ್ತಿತ್ತು, ಅವನು ಕೂತು ಕೇಳುತ್ತಿದ್ದ. ಇಂಥ ಹೊಟ್ಟೆಕಿಚ್ಚು ಅವರಿಗೆ ಯಾವ ಕಾರನ್ನು ನೋಡಿಯೂ ಬಂದಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಕನ್ನಡಕವನ್ನು ಮತ್ತೆ ಒರೆಸಿಕೊಂಡರು.

ಹಾಡು ಮುಗಿದು ಲೀಲಾವತಮ್ಮ ಹೊರಗೆ ಬಂದರು. ಗಂಡನನ್ನು ಕಂಡು ಆಶ್ಚರ್ಯಪಡಲಿಲ್ಲ.

“ಮನೆಗೆ ಹೋಗೋಣ ಬಾ” ಎಂದರು ನಾರಾಯಣಸ್ವಾಮಿಯವರು. ಜೋಡಿಸಿಟ್ಟುಕೊಂಡ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

“ಬರ್ತೀನಿ. ನೀವು ಮೊದಲು ಹೋಗಿ ಹೀಟಿಂಗ್ ಹಾಕಿ. ಮನೆ ಪೂರ್ತಿ ಬೆಚ್ಚಗಾದ ಮೇಲೆ ಇಲ್ಲಿಗೆ ಫೋನ್ ಮಾಡಿ, ಆಮೇಲೆ ಹೊರಡ್ತೀನಿ.” ಹೇಳಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ಅಂಗಡಿಯಿಂದ ಕೊತ್ತಂಬರಿ ತನ್ನಿ ಎನ್ನುವಾಗಲೂ ಅವರ ದನಿ ಹಾಗೆಯೇ ಇರುತ್ತದೆ.

ಬಂದ ದಾರಿಯಲ್ಲಿಯೇ ಎರಡು ಬಸ್ಸು ಹಿಡಿದು ನಾರಾಯಣಸ್ವಾಮಿಯವರು ಮನೆಗೆ ಬಂದರು. ಹೀಟಿಂಗ್ ಹಾಕಿದರು. ಮೇಲಿನ ಕೋಣೆಗಳ ರೇಡಿಯೇಟರ್‌ಗಳನ್ನೂ ಒಂದೊಂದಾಗಿ ತಿರುಗಿಸಿ ಬಿಟ್ಟರು. ಆಮೇಲೆ ಕೆಳಗೆ ಬಂದು, ಕೋಟಿನಲ್ಲಿಯೇ, ಹೆಂಡತಿ ಕೂರುವ ಕುರ್ಚಿಯಲ್ಲಿ ಕೂತರು. ಕಿಟಕಿಯಿಂದ ಬರುವ ಗಾಳಿ ನೇರವಾಗಿ ಆ ಕುರ್ಚಿಯಲ್ಲಿ ಕೂತವರ ಕತ್ತಿಗೇ ಬಡಿಯುತ್ತದೆ ಎಂಬುದು ಅವರಿಗೆ ಅವತ್ತು ತಿಳಿಯಿತು. ಎದ್ದು ಕುರ್ಚಿಯನ್ನು ಗೋಡೆಯ ಕಡೆಗೆ ಎಳೆದಿಟ್ಟರು. ಗೋಡೆಗಳು ತಂಪು ಬಿಡಲು ಬಹಳ ಹೊತ್ತು ಹಿಡಿಯಿತು. ಕೋಟು ಬೇಡವೆನಿಸಿತು, ತೆಗೆದರು. ಸ್ವೆಟರ್ ಬೇಡವೆನಿಸಿತು, ಅದನ್ನೂ ತೆಗೆದರು. ಆಮೇಲೆ ಫೋನ್ ಮಾಡಿದರು.

ಎತ್ತಿಕೊಂಡವನು ಇಂದುಶೇಖರ.

“ಲೀಲಾನ ಕರಿ.”

“ಅಡಿಗೆಮನೇಲಿದ್ದಾರೆ. ಏನು ಹೇಳ್ಲಿ?”

ಪ್ರಪಂಚದಲ್ಲಿ ಯಾರಿಗೆ ಬೇಕಾದರೂ ಆ ಮಾತನ್ನು ಹೇಳಬಹುದಿತ್ತು. ಇವನೊಬ್ಬನಿಗೆ ಹೇಳಲು ನಾಲಿಗೆ ಹೊರಳಲಿಲ್ಲ. ಇಡುತ್ತೇನೆ, ಆಮೇಲೆ ಮಾಡುತ್ತೇನೆ ಎನ್ನೋಣವೆಂದುಕೊಂಡರು. ಆಮೇಲೆ ಎಂದರೆ ಕತ್ತಲಾಗುತ್ತದೆ, ಬಸ್ಸುಗಳು ಕಡಿಮೆಯಾಗುತ್ತವೆ, ಇವತ್ತು ಇಲ್ಲೇ ಇರಿ ಎಂದು ವಿಜಯಾ ಹೇಳಿಬಿಡುತ್ತಾಳೆ.

“ಮನೆ ಬೆಚ್ಚಗಾಗಿದೆ ಅಂತ ಹೇಳು” ಎಂದರು.

ಇಂದುಶೇಖರ ಪೆದ್ದನಲ್ಲ. ಇಷ್ಟು ದಿನ ಆ ಮನೆ ಹೇಗಿತ್ತು, ಮೈಕಿನಲ್ಲಿ ಓದಿದ ದುಡ್ಡು ಯಾವುದು, ಲೀಲಾವತಮ್ಮ ದಿನಾ ಬಸ್ಸು ಬದಲಿಸಿಕೊಂಡು ಯಾಕೆ ಬರುತ್ತಿದ್ದರು, ಎಲ್ಲವೂ ಅವನಿಗೆ ಆ ಒಂದು ಮಾತಿನಿಂದ ತಿಳಿದಿರಬೇಕು.

“ಎಷ್ಟಕ್ಕಿಟ್ಟಿದ್ದೀಯ?” ಎಂದು ಕೇಳಿದ.

“ಹತ್ತೊಂಬತ್ತು ಡಿಗ್ರಿ.”

“ಸಾಲದು ಕಣೋ. ಅವರ ಎದೆಗೆ ಇಪ್ಪತ್ತೊಂದಾದ್ರೂ ಬೇಕು. ಹೋಗಿ ಮಾಡು, ನಾನು ಲೈನಲ್ಲೇ ಇರ್ತೀನಿ.”

ನಾರಾಯಣಸ್ವಾಮಿಯವರು ಫೋನನ್ನು ಮೇಜಿನ ಮೇಲಿಟ್ಟು ಹೋಗಿ ಇಪ್ಪತ್ತೊಂದು ಮಾಡಿ ಬಂದರು. “ಮಾಡಿದೆ ಇಂದೂ” ಎಂದರು. “ಈಗ ಅವಳನ್ನ ಕಳಿಸಿಕೊಡಪ್ಪ.”